ಅಂಜಿಕೆಯಲ್ಲಿ ಪೂರ್ತಿ ಮಾರ್ಕು

ನಮ್ಮ ಷಡ್ಡಕನಷ್ಟು ಅಚ್ಚುಕಟ್ಟಾಗಿ ಅಂಜುವವರು ಚಿಕ್ಕೋಡಿಯಿಂದ ಕಾಗವಾಡದವರೆಗೆ ಹುಡುಕಿದರೂ ಸಿಗುವುದಿಲ್ಲ. ನನ್ನ ಹೆಂಡತಿಯ ಅಕ್ಕನ ಗಂಡ. ಬಸ್ಸು ಹತ್ತುವ ಮೊದಲು ಡ್ರೈವರನಿಗೆ "ನಿದ್ದಿ ಚಲೋ ಆಗೇತೇನ್ರಿ?" ಎಂದು ಕೇಳುವ ಮನುಷ್ಯ. ಒಮ್ಮೆ ಡ್ರೈವರ "ಇಲ್ಲ" ಎಂದ. ಇವ ರಾಯಬಾಗಕ್ಕೆ ನಡೆದೇ ಹೋದ.

ಎಂಬತ್ತರ ದಶಕದ ಮಾತು. ನನ್ನ ಹೆಂಡತಿಗೆ ಮಿರಜದಲ್ಲಿ ಆಪರೇಶನ್ ನಿಗದಿಯಾಗಿತ್ತು. ಹೊಟ್ಟೆಯ ಗಡ್ಡೆ ಅವಳದು, ಅಳು ಇವನದು. "ಮಾಮಾ, ಏನೂ ಆಗೂದಿಲ್ಲ, ಇಷ್ಟ ಹಾಲ ಕುಡೀರಿ" ಎಂದು ಪೇಶಂಟೇ ಇವನನ್ನು ಸಮಾಧಾನ ಮಾಡಿದಳು. ಅಲ್ಲೇ ಕುಳಿತಿದ್ದ ನನ್ನನ್ನು ಯಾರೂ ಕೇಳಲಿಲ್ಲ. ಧೈರ್ಯವಂತ ಎಂದು ಹೆಸರು ಗಳಿಸಿದವನಿಗೆ ಮನೆಯಲ್ಲಿ ಚಹಾ ಸಹ ಆರಿದ್ದೇ ಸಿಗುತ್ತದೆ. ಬರೆದಿಟ್ಟುಕೊಳ್ಳಿ.

ಅದೇ ವಾರ ನಮ್ಮೂರ ದವಾಖಾನೆಗೆ ಪರವೂರಿನ ಡಾಕ್ಟರಬಾಯಿ ಬಂದರು. ಅವರ ಕೈಯಲ್ಲಿ ಅಂಜಿಕೆ ಅಳೆಯಲು ಏಳೇ ಪ್ರಶ್ನೆಗಳ ಒಂದು ಕಾಗದ; ಅಂಜಿಕೆ ಹೆಚ್ಚಿದಷ್ಟೂ ಮಾರ್ಕು ಹೆಚ್ಚು, ಒಂದೊಂದು ಪ್ರಶ್ನೆಗೆ ಮೂರರವರೆಗೆ. ಮೊದಲು ಅದನ್ನು ತುಂಬಿಸುವುದು, ಆಮೇಲೆ ಅರ್ಧ ತಾಸು ಮಾತಾಡಿಸುವುದು, ಎರಡೂ ಹೊಂದುತ್ತವೆಯೋ ನೋಡುವುದು. ಪರೀಕ್ಷೆ ಕಾಗದಕ್ಕೆ, ನಿಮಗಲ್ಲ ಎಂದರು. ಷಡ್ಡಕನಿಗೆ ಇಪ್ಪತ್ತೊಂದಕ್ಕೆ ಇಪ್ಪತ್ತೊಂದು! ಮಾತಿಗೂ ಕಾಗದಕ್ಕೂ ಕೂದಲೆಳೆಯಷ್ಟು ಫರಕಿಲ್ಲ. "ಇಂಥಾ ಉತ್ತರಾನ ನಮಗ ಬೇಕಾಗಿತ್ತು" ಎಂದು ಡಾಕ್ಟರ ಬಾಯಾರು ಹೊಗಳಿದರು. ಮ್ಯಾಟ್ರಿಕ್ ಮೂರು ಸಲ ನಪಾಸಾದವನಿಗೆ ಪೂರ್ತಿ ಮಾರ್ಕು!

ಹಟಕ್ಕೆ ಬಿದ್ದು ನಾನೂ ಕುಳಿತೆ. ನಾನು ಎಮ್ಮೆ ವ್ಯಾಪಾರದವ. ಮೊದಲ ಮಾತಿಗೇ ಖರೆ ಹೇಳಿದವ ನಮ್ಮ ಸಂತೆಯಲ್ಲಿ ಬದುಕುವುದಿಲ್ಲ.

"ಎರಡು ವಾರದಾಗ ಎಷ್ಟ ದಿನಾ ಚಿಂತಿ ಹತ್ತಿತ್ರಿ?"

"ಸೊನ್ನಿ."

ಬರೆದೇಬಿಟ್ಟರು! ಅವರು "ಹಂಗ್ಯಾಂಗ್ರಿ?" ಎಂದು ಜಗ್ಗಬೇಕು, ನಾನು "ಹೋಗ್ಲಿ, ನಾಕ ದಿನಾ ಬರಕೊಳ್ರಿ" ಎಂದು ಏರಬೇಕು. ರೂಢಿ ಹಾಗಲ್ಲವೇ? ಏಳಕ್ಕೂ ಸೊನ್ನೆ ಬಿತ್ತು.

ಆಮೇಲೆ ಮಾತು. "ಮನಿಯವರು ಆರಾಮ ಅದಾರೇನ್ರಿ?" ಎಂದರು. ಮಿರಜದ ಆಪರೇಶನ್ ಮಾತು ಹೇಳಹೋಗಿ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡೆ.

"ಕಾಗದ ಸೊನ್ನಿ ಅಂತೈತಿ, ನಿಮ್ಮ ಮಾರಿ ಬ್ಯಾರೆ ಹೇಳಾಕತ್ತೈತಿ" ಎಂದರು ಬಾಯಾರು.

ಹೊರಗಿನ ಬೆಂಚಿನಿಂದ ಷಡ್ಡಕ ಎದ್ದು ಒಳಗೆ ಬಂದ. "ಇವ ಊಟಾ ಬಿಟ್ಟ ಎಂಟ ದಿನಾ ಆತ್ರಿ. ತಾಟಿನ್ಯಾಗಿನ ರೊಟ್ಟಿ ಎಮ್ಮಿಗಿ ಹಾಕಿ ಬರ್ತಾನ. ಯಾರೂ ನೋಡಿಲ್ಲಂತ ತಿಳದಾನ."

ನನ್ನ ಮಗ್ಗುಲಿಗೆ ಸ್ಟೂಲು ಎಳೆದುಕೊಂಡು ಕುಳಿತ. "ಹೇಳೋ ತಮ್ಮಾ. ನಾ ಅದೀನಿ" ಎಂದು ನನ್ನ ಕೈ ಹಿಡಿದುಕೊಂಡ. "ಬಾಯಾರ, ಆ ಸೊನ್ನಿ ಅಳಸ್ರಿ, ಮೊದಲಿಂದ ಕೇಳ್ರಿ" ಎಂದೆ.