ಕಾಶೀನಾಥ ಮೇಷ್ಟ್ರು ತೆಗೆದ ಬಾಗಿಲು

ಬಾಗಿಲು ದಡಾರೆಂದು ಮುಚ್ಚಿಕೊಂಡಾಗ ಕಾಶೀನಾಥ ಮೇಷ್ಟ್ರು ಹೆಗಲಿಗೆ ಚೀಲ ಹಾಕಿಕೊಂಡು ಅಂಗಳದಲ್ಲಿ ಮಂಜು ನೋಡುತ್ತ ನಿಂತಿದ್ದರು. ಅದು ಎಳೆದರೆ ತಾನೇ ಬೀಗ ಬೀಳುವ ಬಾಗಿಲು. ಕೀಲಿಕೈ ಒಳಗಿನ ಮೊಳೆಯಲ್ಲಿತ್ತು. ಇನ್ನೊಂದು, ಸಂಸೆಯ ತವರಿಗೆ ಹೋಗಿದ್ದ ಹೆಂಡತಿ ಅಮೂಲ್ಯಾಳ ಹತ್ತಿರ. ಮೇಷ್ಟ್ರು ತಲೆ ಕೆಡಿಸಿಕೊಳ್ಳಲಿಲ್ಲ. ಬೆಟ್ಟದಿಂದಿಳಿದ ಮಂಜು ಕುದುರೆಮುಖದ ಕ್ವಾರ್ಟರ್ಸುಗಳನ್ನು, ಮಗು ಸ್ಲೇಟು ಒರೆಸಿದ ಹಾಗೆ, ಒಂದೊಂದಾಗಿ ಒರೆಸಿಹಾಕುತ್ತಿತ್ತು. ಡ್ರಾಯಿಂಗ್ ಮೇಷ್ಟ್ರಾದವರು ಅಂಥ ಹೊತ್ತಿನಲ್ಲಿ ಕೀಲಿಕೈ ಚಿಂತೆ ಮಾಡುವುದುಂಟೇ?

ಗಣಿ ನಿಂತ ಮರುವರ್ಷ ಅದು. ಜನ ಗಂಟುಮೂಟೆ ಕಟ್ಟಿಕೊಂಡು ಹೋದಮೇಲೆ ಊರಿನಲ್ಲಿ ಮನುಷ್ಯರಿಗಿಂತ ಬಾಗಿಲುಗಳೇ ಜಾಸ್ತಿಯಾಗಿದ್ದವು. ಉಳಿದುಕೊಂಡ ಹುಡುಗರು ಕೆಲಸವಿಲ್ಲದೆ ಕೂತು ಕೂತು, ಬೇಸರಕ್ಕೆ ಖಾಲಿ ಮನೆಗಳ ಬೀಗ ತೆಗೆಯಲು ಕಲಿತರು. ಅವರು ಜೈಲು ಸೇರುವ ಮೊದಲೇ ದಾರಿಗೆ ತರೋಣವೆಂದು ನಿವೃತ್ತ ಹೆಡ್‌ಮಿಸ್ ತ್ರಿಪುರಸುಂದರಿಯವರು ಹಿತೈಷಿ ಸಮಿತಿ ಕಟ್ಟಿದರು. ಒಬ್ಬೊಬ್ಬ ಹುಡುಗನಿಗೆ ಒಬ್ಬೊಬ್ಬ ಹಿತೈಷಿ. ಭಾನುವಾರವಿಡೀ ಅವನ ಜೊತೆಗಿದ್ದು ನಾಲ್ಕು ಒಳ್ಳೆಯ ಮಾತಾಡಬೇಕು.

ಮೇಷ್ಟ್ರ ಪಾಲಿಗೆ ಬಂದವನು ಹತ್ತೊಂಬತ್ತರ ಸುಪ್ರೀತ್. ಬೀಗದ ವಿದ್ಯೆಯಲ್ಲಿ ಉಳಿದವರಿಗೆಲ್ಲ ಅವನೇ ಗುರು. ಇನ್ನೊಂದು ತಪ್ಪು ಮಾಡಿದರೆ ಕೇಸು ಎಂದು ಪೊಲೀಸರು ಹೇಳಿದ್ದರು. ತಪ್ಪು ಮಾಡದಿದ್ದರೆ ಸೋಮವಾರದಿಂದ ಕಳಸದ ಹಬೀಬುರ್ರಹ್ಮಾನ್ ಸಾಹೇಬರ ಗ್ಯಾರೇಜಿನಲ್ಲಿ ಕೆಲಸ.

ಆ ಭಾನುವಾರ ಬಸ್‌ಸ್ಟಾಪಿನಲ್ಲಿ ಕಾಯುತ್ತಿದ್ದ ಅವನನ್ನು ಕರೆದುಕೊಂಡು ಮೇಷ್ಟ್ರು ಮಂಜಿನೊಳಗೆ ಮನೆಯ ಕಡೆ ವಾಪಸ್ಸು ಹೊರಟರು. ಕಾಲು ನೆಲದ ಮೇಲಿದ್ದರೂ ಮನಸ್ಸು ಎಲ್ಲೋ ತೇಲುತ್ತಿತ್ತು. ಆ ಹಗಲುಗನಸಿನಲ್ಲಿ ಸುಪ್ರೀತ್ ದೊಡ್ಡ ಗ್ಯಾರೇಜಿನ ಯಜಮಾನನಾಗಿದ್ದ. ಬಂದ ಗಿರಾಕಿಗಳಿಗೆಲ್ಲ, "ನಮ್ಮ ಸಾರ್ ಇಲ್ದಿದ್ರೆ ನಾನೆಲ್ಲಿರ್ತಿದ್ದೆ" ಎನ್ನುತ್ತಿದ್ದ. ಮೇಷ್ಟ್ರು ಸಂಕೋಚದಿಂದ ಮಂಜಿಗೇ ಕೈಮುಗಿದರು. ಹೀಗೆ ತೇಲುತ್ತ ತೇಲುತ್ತ ಒಂದು ಹಸಿರು ಬಾಗಿಲಿನ ಮುಂದೆ ಬಂದು ನಿಂತರು.

"ಕೀ ಒಳಗೇ ಉಳೀತು ಮಾರಾಯ. ನೀನು ಸ್ವಲ್ಪ ನೋಡ್ತೀಯಾ?"

ಸುಪ್ರೀತ್ ಎರಡೂ ಕೈ ಹಿಂದೆ ಕಟ್ಟಿಕೊಂಡ. "ಬೇಡ ಸಾರ್. ಬೀಗ ಮುಟ್ಟಲ್ಲ ಅಂತ ಮೇಡಮ್ಮಿಗೆ ಮಾತು ಕೊಟ್ಟಿದೀನಿ."

ಮೇಷ್ಟ್ರ ಕಣ್ಣು ಒದ್ದೆಯಾಯಿತು. "ಹಾಗಾದ್ರೆ ಬಾಯಲ್ಲಿ ಹೇಳು, ನಾನು ಮಾಡ್ತೀನಿ. ನನ್ನ ಮನೆ ಬಾಗ್ಲು ನಾನು ತೆಗೆದ್ರೆ ಯಾರು ಎಂತ ಹೇಳ್ತಾರೆ?"

"ಇದು ನಿಮ್ಮನೇನೆ ಅಲ್ವಾ ಸಾರ್?"

"ಎಂತ ಹೇಳ್ತೀಯ, ನನ್ನ ಮನೆ ನಂಗೆ ಗೊತ್ತಾಗಲ್ವಾ?"

ಸುಪ್ರೀತ್ ಮೆಟ್ಟಿಲ ಮೇಲೆ ಬಾಗಿಲಿಗೆ ಬೆನ್ನು ಹಾಕಿ ಕೂತ. ಮೇಷ್ಟ್ರು ಚೀಲದಿಂದ ಸ್ಟೀಲು ಸ್ಕೇಲು ತೆಗೆದರು. ಅವನು ಹೇಳಿದ, ಇವರು ಮಾಡಿದರು. ಸ್ವಲ್ಪ ಹೊತ್ತು ತಿಣುಕಾಡಿದ ಮೇಲೆ ಒಳಗಿನಿಂದ ಟಿಕ್ ಎಂಬ ಸಣ್ಣ ಸದ್ದು ಬಂತು. ಇಷ್ಟು ವರ್ಷ ಬರೆದ ಒಂದು ಚಿತ್ರವೂ ಕೊಡದಿದ್ದ ಸಂತೋಷವನ್ನು ಆ ಸದ್ದು ಕೊಟ್ಟಿತು.

ಒಳಗೆ ಕರ್ಟನ್ ಬೇರೆಯಾಗಿತ್ತು. ಅಮೂಲ್ಯಾ ಬದಲಾಯಿಸಿರಬೇಕು, ತನಗೆ ಹೇಳಿದ್ದಳೋ ಏನೋ ಎಂದುಕೊಂಡರು. ಕುರ್ಚಿ ಮೊದಲಿಗಿಂತ ಮೆತ್ತಗಿತ್ತು. ಅದೂ ಒಳ್ಳೆಯದೇ. ಅಡುಗೆಮನೆಯಲ್ಲಿ ಸಕ್ಕರೆ ಹುಡುಕಲು ಆರು ಡಬ್ಬ ತೆಗೆಯಬೇಕಾಯಿತು, ಆದರೆ ಅದು ಅವರಿಗೆ ದಿನಾ ಇದ್ದದ್ದೇ. ಕಾಫಿ ಮಾಡಿ, ಸಿಕ್ಕಿದ ಕೋಡುಬಳೆ ತಟ್ಟೆಗೆ ಹಾಕಿಕೊಂಡು, ಕಾಲು ಚಾಚಿ ಕೂತು ಉಪದೇಶ ಶುರು ಮಾಡಿದರು.

"ನೋಡು ಸುಪ್ರೀತ್, ಇನ್ನೊಬ್ರ ಮನೆ ಅಂದ್ರೆ ದೇವಸ್ಥಾನ ಇದ್ದಂಗೆ. ಕರೀದೆ ಒಳಗೆ ಕಾಲಿಡಬಾರ್ದು. ಅವರ ಒಂದು ಹುಲ್ಲುಕಡ್ಡಿ ಕೂಡ ಮುಟ್ಟಬಾರ್ದು." ಕೋಡುಬಳೆ ಕಟುಂ ಎಂದಿತು.

ಸುಪ್ರೀತ್ ಗೋಡೆ ನೋಡುತ್ತಿದ್ದ. "ಸಾರ್, ಫೋಟೋದಲ್ಲಿ ಹಾರ ಹಾಕಿಸ್ಕೊಳ್ತಿರೋದು ನಮ್ಮ ಹೆಡ್‌ಮಿಸ್ ಮೇಡಮ್ ಅಲ್ವಾ?"

ಮೇಷ್ಟ್ರು ತಲೆ ಎತ್ತಿದರು. ಅವರೇ. ಪಕ್ಕದ ಫೋಟೋದಲ್ಲೂ ಅವರೇ. ಕೋಡುಬಳೆ ಗಂಟಲಲ್ಲಿ ಅಡ್ಡ ನಿಂತಿತು. ಅಷ್ಟರಲ್ಲಿ ಹೊರಗೆ ಜೀಪು ನಿಂತ ಸದ್ದು.

ಅಂಗಳಕ್ಕೆ ಓಡಿಬಂದರೆ ಎದುರಿಗೆ ತ್ರಿಪುರಸುಂದರಿಯವರು, ಹಿಂದೆ ಅವರನ್ನು ಕಳಸದಿಂದ ಜೀಪಿನಲ್ಲಿ ಕರೆತಂದ ಹಬೀಬ್ ಸಾಹೇಬರು. ಪಕ್ಕದ ಮನೆಯ ವಸಂತಮ್ಮ ಆಗಲೇ ಬಂದು ನಿಂತಾಗಿತ್ತು. ಜೀಪಿನ ಸದ್ದಿಗೆ ವಾಚ್‌ಮನ್ ಲಕ್ಕಯ್ಯನೂ ಬಂದ.

"ಆಗ್ಲಿಂದ ಕಿಟಕೀಲಿ ನೋಡ್ತಾನೇ ಇದೀನಿ ಮೇಡಮ್ಮೋರೆ," ಎಂದರು ವಸಂತಮ್ಮ. "ಇಬ್ರು ಒಳಗೆ ಹೋದ್ದು ಕಾಣ್ತು, ಆಮೇಲೆ ಕಾಫಿ ವಾಸನೇನೂ ಬಂತು. ಬಾಗ್ಲು ತೆಗೆದೋರು ಯಾರು ಅಂತ ಮಂಜಲ್ಲಿ ಕಾಣ್ಲಿಲ್ಲ."

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಸುಪ್ರೀತ್ ಮುಂದೆ ಬಂದ. "ನಾನೇ ತೆಗೆದೆ ಮೇಡಮ್. ಸಾರ್ ಬೇಡ ಅಂದ್ರು."

ಹಬೀಬ್ ಸಾಹೇಬರು ಟೋಪಿ ಸರಿಮಾಡಿಕೊಂಡು, "ಹಂಗಾದ್ರೆ ನಾಳೆ ನೀನು ಬರೋದು ಬೇಡಪ್ಪ" ಎಂದು ಮೆಲ್ಲಗೆ ಹೇಳಿ ಜೀಪಿನ ಕಡೆ ತಿರುಗಿದರು. ಸುಪ್ರೀತ್ ತಲೆ ತಗ್ಗಿಸಿದ.

ಸುಮ್ಮನಿದ್ದರೆ ಮೇಷ್ಟ್ರು ಬಚಾವಾಗುತ್ತಿದ್ದರು. ನಾಲಿಗೆಯೂ ಒಂದು ಗಳಿಗೆ ಸುಮ್ಮನೇ ಇತ್ತು. ಆದರೆ ಬಗ್ಗಿದ ಆ ಕುತ್ತಿಗೆ ನೋಡಲಾಗಲಿಲ್ಲ. "ಅವನಲ್ಲ, ನಾನು. ನಮ್ಮನೆ ಅಂದ್ಕೊಂಡು ತೆಗೆದೆ."

"ಒಳಗೆ ಹೋಗಿ ಕಾಫಿ ಕುಡಿದ್ಮೇಲೂ ಹಂಗೇ ಅಂದ್ಕೊಂಡ್ರಾ?" ತ್ರಿಪುರಸುಂದರಿಯವರು ನಕ್ಕರು. "ಹುಡುಗನ್ನ ಉಳ್ಸೋಕೆ ಹೇಳ್ತಿದೀರಿ. ನಿಮ್ಗೆ ಕೊಡೆ ಬಿಡ್ಸೋಕೂ ಸರಿಯಾಗಿ ಬರಲ್ಲ ಮೇಷ್ಟ್ರೆ."

ಮೇಷ್ಟ್ರಿಗೆ ರೋಷ ಬಂತು. ಬಾಗಿಲು ಎಳೆದು ಮುಚ್ಚಿದರು. ಸ್ಕೇಲು ತೆಗೆದರು. ಟಿಕ್. ಈ ಸಲ ಕಣ್ಣು ಮಿಟುಕಿಸುವಷ್ಟು ಹೊತ್ತೂ ಹಿಡಿಯಲಿಲ್ಲ. ಎಲ್ಲರೂ ನಿಂತಲ್ಲೇ ಕಂಬವಾದರು.

"ಎಷ್ಟು ಸಲೀಸು," ಎಂದರು ವಸಂತಮ್ಮ. "ಹಂಗಾದ್ರೆ ಹೋದ ತಿಂಗ್ಳು ಕಾಣೆಯಾದ ನನ್ನ ಈಳಿಗೆಮಣೆ?"

"ನನ್ನ ಹುಂಜ?" ಎಂದ ಲಕ್ಕಯ್ಯ.

ಅಲ್ಲಿಂದ ಮುಂದೆ ಮೇಷ್ಟ್ರು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸುಪ್ರೀತ್‌ನ ಹೆಗಲ ಮೇಲೆ ಹಬೀಬ್ ಸಾಹೇಬರು ಕೈಯಿಟ್ಟು, "ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಬಾ ಮಗ" ಎಂದರು. ಮಂಜಿನೊಳಗೂ ಹುಡುಗನ ಮುಖ ಅರಳಿದ್ದು ಕಂಡಿತು. ಮೇಷ್ಟ್ರ ಎದೆ ತುಂಬಿಬಂತು.

ತ್ರಿಪುರಸುಂದರಿಯವರು ಮಾತ್ರ ಗಂಭೀರವಾದರು. "ಪೊಲೀಸ್ರಿಗೆಲ್ಲ ಹೇಳೋದು ಬೇಡ. ಮನುಷ್ಯ ಕೆಟ್ಟವನಲ್ಲ, ಕೈ ಕೆಡೋಕೆ ಶುರುವಾಗಿದೆ. ಇವರಿಗೂ ಒಬ್ಬ ಹಿತೈಷಿ ಬೇಕು. ಮಾತು ಉಳಿಸ್ಕೊಳ್ಳೋನು, ಇನ್ನೊಬ್ರ ತಪ್ಪು ತನ್ನ ಮೇಲೆ ಹಾಕ್ಕೊಳ್ಳೋ ಅಂಥ ಮನಸ್ಸಿರೋನು." ಅವರ ಕಣ್ಣು ಸುತ್ತಲೂ ಹರಿದಾಡಿ ಸುಪ್ರೀತ್‌ನ ಮೇಲೆ ನಿಂತಿತು. "ಇವನೇ ಸರಿ. ಪ್ರತಿ ಭಾನುವಾರ."

ಸಂಜೆ ಬಸ್ಸಿನಲ್ಲಿ ಅಮೂಲ್ಯಾ ಬಂದಾಗ ಮೇಷ್ಟ್ರು ಈ ಸಲ ಸರಿಯಾದ ಮನೆಯ ಮೆಟ್ಟಿಲ ಮೇಲೇ ಕೂತಿದ್ದರು. ಪಕ್ಕದಲ್ಲಿ ಸುಪ್ರೀತ್ ಕಾವಲಿದ್ದ. ನಡೆದದ್ದನ್ನೆಲ್ಲ ಅವನೇ ಹೇಳಿದ. ಇನ್ನುಮುಂದೆ ಭಾನುವಾರವಿಡೀ ಸಾರ್‌ನ ಹೊರಗೆ ಕರೆದುಕೊಂಡು ಹೋಗಿ ತಿಳಿಹೇಳುವ ಜವಾಬ್ದಾರಿ ತನ್ನದೆಂದು ನಾಚಿಕೊಂಡೇ ಹೇಳಿದ.

ಅಮೂಲ್ಯಾ ಎಲ್ಲ ಕೇಳಿಸಿಕೊಂಡು, ಬಾಗಿಲು ತೆಗೆದು, ಗಂಡನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಹುಡುಗನ ಕಡೆ ತಿರುಗಿ, ತುಂಬ ಮೆತ್ತಗೆ ಕೇಳಿದಳು:

"ಭಾನುವಾರ ಮಾತ್ರಾನಾ? ವಾರದಲ್ಲಿ ಇನ್ನೆರಡು ದಿನ ಜಾಸ್ತಿ ಮಾಡೋಕಾಗಲ್ವಾ ಮಾರಾಯ?"