ವಿಮಾನದ ಸೀಟು, ಗಂಡು ಗೊಂಬೆ

ವಿಮಾನದ ಸೀಟನ್ನು ಹಳಿಯ ಮೇಲೆ ಜೋರಾಗಿ ಓಡಿಸಿ, ಗಕ್ಕನೆ ನಿಲ್ಲಿಸಿ, ಅದರಲ್ಲಿ ಕೂತ ಗೊಂಬೆಯ ಗತಿ ಏನಾಯಿತೆಂದು ನೋಡುವುದು ನನ್ನ ಕೆಲಸ. ನಾಲ್ಕು ದೇಶಗಳಲ್ಲಿ ಮಾಡಿ ಬಂದಿದ್ದೇನೆ. ಅಲ್ಲೆಲ್ಲ ಕೆಡುತ್ತಿದ್ದದ್ದು ಸೀಟು. ಚಿತ್ರದುರ್ಗಕ್ಕೆ ಬಂದ ಮೇಲೆ ದಿನಾ ಕೆಡುವುದು ನನ್ನ ತಲೆ. ಒಂದೇ ಒಂದು ಸೀಟಿನ ಪರೀಕ್ಷೆಯಲ್ಲಿ ಏನೇನಾಯಿತು ಕೇಳಿ.

ಬಸ್ಸಿನಲ್ಲಿ

ಬೆಂಗಳೂರಿನಲ್ಲಿ ರಿಪೇರಿಯಾದ ಗೊಂಬೆಯನ್ನು ತರುವಾಗ ಹಿರಿಯೂರಿನಲ್ಲಿ ಟೆಂಪೋ ಕೈಕೊಟ್ಟಿತು. ಆಳೆತ್ತರದ, ಆಳಿನಷ್ಟೇ ತೂಕದ ಗೊಂಬೆ. ನಾನೂ ನಮ್ಮ ಎಲೆಕ್ಟ್ರಿಷಿಯನ್ನೂ ಅದನ್ನು ಹೊತ್ತು ದುರ್ಗದ ಬಸ್ಸಿಗೆ ಹತ್ತಿಸಿ, ಮುಂದೆ ಖಾಲಿಯಿದ್ದ ಸೀಟಿನಲ್ಲಿ ಕೂರಿಸಿದೆವು. ಹೊಳಲ್ಕೆರೆಗೆ ಹೊರಟಿದ್ದ ಅಜ್ಜಿಯೊಬ್ಬರು ಬಂದು ಅದರ ಭುಜ ತಟ್ಟಿದರು.

“ಏನಪ್ಪ, ಕಿವಿ ಕೇಳಲ್ವಾ? ಹೆಂಗಸ್ರ ಸೀಟು, ಏಳು!”

“ಅಜ್ಜಿ, ಅದು ಗೊಂಬೆ.”

“ಗಂಡು ಗೊಂಬೆ ತಾನೆ? ಏಳಲಿ!”

ದುರ್ಗದವರೆಗೂ ಅಜ್ಜಿ ಕೂತರು. ಗೊಂಬೆಯನ್ನು ತಬ್ಬಿಕೊಂಡು ನಾನು ನಿಂತೆ.

ಪೂಜೆ

ಪರೀಕ್ಷೆಯ ದಿನ ಬೆಳಿಗ್ಗೆ ಬಂದು ನೋಡುತ್ತೇನೆ, ಹಳಿಗೆ ನಿಂಬೆಹಣ್ಣು, ಗೊಂಬೆಯ ಹಣೆಗೆ ಮೂರು ಬೆರಳಗಲ ವಿಭೂತಿ! ಆ ಹಣೆಯ ಮೇಲಿನ ಗುರುತು ನೋಡಿಯೇ ಕ್ಯಾಮೆರಾ ಗೊಂಬೆಯ ತಲೆಯ ಓಟ ಅಳೆಯಬೇಕು. ಗುರುತೇ ಮಾಯ. ಎಲೆಕ್ಟ್ರಿಷಿಯನ್ ಮೇಲೆ ಹರಿಹಾಯ್ದೆ.

“ಅಷ್ಟು ಜೋರಾಗಿ ಗುದ್ದಿಸ್ತೀರಿ ಮೇಡಂ, ಅವನ್ನ ಯಾರಾದ್ರೂ ಕಾಪಾಡ್ಬೇಕಲ್ರಿ?”

“ಕಾಪಾಡ್ಬೇಕಾದ್ದು ಸೀಟು ಕಣಯ್ಯಾ!”

“ಸೀಟು ಮಾಡಿದೋರ್ನ ನೋಡಿದೀನಿ ಮೇಡಂ. ಅದಕ್ಕೇ ಹಚ್ಚಿದ್ದು.”

ಸಾಹೇಬರ ಸಹಿ

ಅವನ ಮಾತೇ ನಿಜವಾಯಿತು. ಗುದ್ದಿದ ಮೇಲೆ ಸೀಟೇನೋ ಮುರಿಯದೆ ನಿಂತಿತು, ಆದರೆ ಬೆಲ್ಟಿನ ಕೊಂಡಿ ಬಿಚ್ಚಲಿಲ್ಲ. ಸ್ಕ್ರೂಡ್ರೈವರ್ ಹಾಕಿ ಮೀಟಿ ಗೊಂಬೆಯನ್ನು ಬಿಡಿಸಿದೆವು. ವಿಮಾನಕ್ಕೆ ಬೆಂಕಿ ಬಿದ್ದರೆ ಜನ ಕೂತಲ್ಲೇ ಸುಡಬೇಕೇ? ‘ಫೇಲ್’ ಎಂದು ಬರೆದೆ. ಸೀಟಿನ ಕಂಪನಿಯ ಸಾಹೇಬರು ಒಪ್ಪಿ ಸಹಿ ಹಾಕಬೇಕು, ಒಪ್ಪಲೊಲ್ಲರು.

“ಸ್ವಲ್ಪ ಅಡ್ಜಸ್ಟ್ ಮಾಡ್ಕಳ್ರಿ ಮೇಡಂ. ಗೊಂಬೆಗೆ ಕೈ ಆಡಲ್ಲ. ಮನುಷ್ಯರಾದ್ರೆ ಬಿಚ್ಕಂತಾರೆ.”

ಮೈಯೆಲ್ಲ ಉರಿಯಿತು. “ಹಂಗಾದ್ರೆ ನೀವೇ ಕುಂತ್ಕಳ್ರಿ.”

ಕೂತರು. ಕೊಂಡಿ ಟಕ್ಕೆಂದಿತು. ಎಳೆದರು, ಜಗ್ಗಿದರು, ಬೆವೆತರು. ಎಲೆಕ್ಟ್ರಿಷಿಯನ್ ಸ್ಕ್ರೂಡ್ರೈವರ್ ಹಿಡಿದು ಬಂದ; ತಡೆದೆ.

“ಪ್ಯಾಸೆಂಜರ್ ಹತ್ರ ಸ್ಕ್ರೂಡ್ರೈವರ್ ಇರಲ್ಲಪ್ಪ. ನಡಿ, ಊಟಕ್ಕೆ ಹೋಗಾಣ.”

ಬಾಗಿಲು ದಾಟುವ ಮೊದಲೇ ಕೂಗು ಬಂತು: “ಮೇಡಂ, ಆ ಕಾಗದ ತರ್ರಿ!”

ಬೆಲ್ಟಿನಲ್ಲಿದ್ದುಕೊಂಡೇ ಸಹಿ ಹಾಕಿದರು. ಷರಾ ಜಾಗದಲ್ಲಿ, ನಾನು ಕೇಳದಿದ್ದರೂ, ತಾವಾಗಿಯೇ ಬರೆದರು: ‘ಮನುಷ್ಯರಿಂದಲೂ ಬಿಚ್ಚಲಾಗದು.’