ಜಪಾನಿನ ರೀಲು, ಗುರುಬಾಯಿಯ ಉಪವಾಸ

ಗುರುಬಾಯಿಯ ಕೊರಳಿನ ಶಿವದಾರ ಹರಿದದ್ದು ಬೆಳಗಿನ ಪೂಜೆಗೆ ಹೂ ಬಿಡಿಸುವಾಗ. ಕುಷಾಯಿಗೂಡದ ಆ ಅಪಾರ್ಟ್‌ಮೆಂಟಿನ ಹಿಂದೆ ಒಂದು ಹಳೆಯ ಬಾವಿ, ಬಾವಿಯ ಮಗ್ಗುಲಲ್ಲಿ ಒಂದು ಕಣಗಿಲೆ ಗಿಡ. ಮುದುಕಿ ಬಾವಿಯ ಕಟ್ಟೆಗೆ ಹೊಟ್ಟೆ ಆನಿಸಿ ಆಚೆಯ ಟೊಂಗೆಗೆ ಕೈ ಚಾಚಿದಳು. ಇಷ್ಟಲಿಂಗವಿದ್ದ ಬೆಳ್ಳಿಯ ಕರಡಿಗೆ, ಹರಿದ ದಾರದ ಸಮೇತ, ಬಾವಿಗೆ ಹೊದಿಸಿದ್ದ ಕಬ್ಬಿಣದ ಜಾಲರಿಯ ಮೇಲೆ ಬಿದ್ದು ಒಂದು ಸಲ ಪುಟಿಯಿತು. ಆಮೇಲೆ ಸಂದಿಯಿಂದ ನುಸುಳಿ ನೀರಿಗೆ ಹೋಯಿತು.

ಮುದುಕಿ ಮೆಟ್ಟಿಲು ಹತ್ತಿ ಮನೆಗೆ ಬಂದು ಗೋಡೆಗೆ ಒರಗಿ ಕುಳಿತಳು.

"ಕಲ್ಲೇಶಾ, ನನ್ನ ಲಿಂಗಪ್ಪ ಭಾವ್ಯಾಗ ಬಿದ್ದಾನ. ಅಂವಾ ಮ್ಯಾಲ ಬರೂತನಕ ನನಗ ಅನ್ನಿಲ್ಲ, ನೀರಿಲ್ಲ."

ಮಗ ಕಲ್ಲೇಶ ಆಗತಾನೇ ಇಡ್ಲಿಯ ಮೊದಲ ತುತ್ತು ಬಾಯಿಗೆ ಹಾಕಿದ್ದ. ಅದು ಅಲ್ಲೇ ನಿಂತಿತು. ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತನಾದ ಅವನಿಗೆ ತಾಯಿಯ ಮಾತು ಎಂಥದೆಂದು ಗೊತ್ತು. ಆಡಿದರೆ ಮುಗಿಯಿತು. ಸಕ್ಕರೆ ಕಾಯಿಲೆಯ ಜೀವ ಬೇರೆ. ಊಟದ ಹೊತ್ತು ಒಂದಿಷ್ಟು ತಪ್ಪಿದರೂ ಕೈ ನಡುಗಿ ಕಣ್ಣಿಗೆ ಕತ್ತಲೆ ಕಟ್ಟುತ್ತದೆ. ಹೋದ ವರ್ಷ ಹಾಗೆಯೇ ಆಸ್ಪತ್ರೆ ಸೇರಿ ಬಂದಿದ್ದಳು. ಇನ್ನೊಂದು ಸಲ ಹಾಗಾದರೆ ಹೇಳಲಾಗದು ಎಂದು ಡಾಕ್ಟರು ಆಗಲೇ ಹೇಳಿ ಕಳಿಸಿದ್ದರು.

"ಅವ್ವಾ, ಮಠಕ್ಕ ಫೋನ್ ಮಾಡ್ತೀನಿ. ಸ್ವಾಮಿಗೋಳು ಹೊಸಾ ಲಿಂಗ ಕಟ್ತಾರ."

"ನಿಮ್ಮಪ್ಪ ಕಲಬುರ್ಗಿ ಬಸ್‌ಸ್ಟ್ಯಾಂಡಿನ್ಯಾಗ ಕಳದಾಗ ನಾ ಹುಡಿಕ್ಯಾಡಿ ಅವರನ್ನ ಕರ್ಕೊಂಡು ಬಂದೆ. ಹೊಸಾವ್ರನ್ನ ತಂದಿದ್ನೇನು?"

ಅಷ್ಟರಲ್ಲಿ ಎದುರು ಮನೆಯ ಪಾರ್ವತೆಮ್ಮ ಸುದ್ದಿ ತಿಳಿದು ಬಂದೇ ಬಿಟ್ಟಳು. ಸಾವು ನೋವಿನ ಮನೆಗೆ ಎಲ್ಲರಿಗಿಂತ ಮುಂಚೆ ಹೋಗಿ ಗಟ್ಟಿಯಾದ ಜಾಗ ಹಿಡಿಯುವುದು ಆಕೆಯ ಅಭ್ಯಾಸ. ಗುರುಬಾಯಿಯ ಮಗ್ಗುಲಲ್ಲೇ ಕುಳಿತಳು.

"ನಮ್ಮ ಸೋದರತ್ತಿನೂ ಹಿಂಗಽ ಕುಂತಿದ್ರು ನೋಡ್ರಿ. ಒಂದು ಹನಿ ನೀರು ಮುಟ್ಟಲಿಲ್ಲ. ವಾರ ತುಂಬೂದ್ರಾಗ ಹೋಗಿಬಿಟ್ರು. ಭಾಳ ಚೊಲೊ ಸಾವು."

ಕಲ್ಲೇಶನ ಹೆಂಡತಿ ಶೀತಲ ಗಂಡನನ್ನು ಅಡುಗೆಮನೆಗೆ ಎಳೆದಳು. "ಇಲ್ಲೇ ನಿಂತ್ರ ಏನ್ ಆಗ್ತದ? ಕೆಳಗ ಹೋಗ್ರಿ, ನಾಕು ಮಂದೀನ್ನ ಕೇಳ್ರಿ."

ಕೇಳುವ ಅಗತ್ಯವೇ ಇರಲಿಲ್ಲ. ನಾಲ್ಕು ಮಂದಿ ಆಗಲೇ ಬಾವಿಯ ಸುತ್ತ ಸೇರಿ ಸಲಹೆ ಕೊಡಲು ಶುರು ಮಾಡಿದ್ದರು. ಮುಂಚೂಣಿಯಲ್ಲಿ ಇಬ್ಬರು. ಒಬ್ಬ ಅಸೋಸಿಯೇಶನ್ನಿನ ಸೆಕ್ರೆಟರಿ ವಿಜಯಕುಮಾರ. ಬೀದರಿನವನು, ಕಾರ್ಖಾನೆಯ ಕ್ವಾಲಿಟಿ ವಿಭಾಗದಿಂದ ನಿವೃತ್ತನಾದವನು. ತೆಂಗಿನಕಾಯಿ ಕೊಂಡರೂ ಮೂರು ಸಲ ಅಲ್ಲಾಡಿಸಿ, ಒಮ್ಮೆ ಮೂಸಿ, ಕೊನೆಗೆ ಬೇಡವೆನ್ನುವ ಮನುಷ್ಯ. ಇನ್ನೊಬ್ಬ ತೆಲುಗಿನವನಾದ ನರಸಿಂಹ, ರೈಲ್ವೆಯ ನಿವೃತ್ತ ಗಾರ್ಡು. ವಾಡಿ ಜಂಕ್ಷನ್ನಿನಲ್ಲಿ ಬಹಳ ವರ್ಷ ಇದ್ದದ್ದರಿಂದ ಕನ್ನಡ ಚೆನ್ನಾಗಿ ಬರುತ್ತಿತ್ತು.

"ಜಾಲರಿ ಕೊಯ್ಸಿ, ಮೋಟರ್ ಹಚ್ಚಿ ನೀರೆಲ್ಲಾ ಹೊರಗ ಹಾಕೂಣು," ಎಂದ ನರಸಿಂಹ. "ಒಬ್ಬ ಮನ್ಶಾನ್ನ ಇಳಸಿದ್ರ ಸಂಜಿಗೆ ಎಲ್ಲಾ ಸಾಫ್ ಕದಾ!"

"ಬ್ಯಾಡ್ರೀ!" ಎಂದು ಕಲ್ಲೇಶ ಕೂಗಿದ. ಮೀಟಿಂಗಿನಲ್ಲಿ ಎಂದೂ ಬಾಯಿ ಬಿಡದ ಮನುಷ್ಯ ಕೂಗಿದ್ದಕ್ಕೆ ಎಲ್ಲರೂ ತಿರುಗಿ ನೋಡಿದರು. "ಏಪ್ರಿಲ್ ತಿಂಗಳದಾಗ ಭಾವಿ ಖಾಲಿ ಮಾಡಿದ್ರ ಇಡೀ ಬಿಲ್ಡಿಂಗಿಗೆ ನೀರು ಎಲ್ಲಿಂದ ತರೂದ್ರಿ? ನಮ್ಮವ್ವನ ಸಲುವಾಗಿ ಮಂದಿಗೆ ಯಾಕ ತ್ರಾಸ?"

ಎಲ್ಲರ ಮನಸ್ಸು ಕರಗಿತು. ತಾಯಿ ಉಪವಾಸ ಕುಳಿತ ಹೊತ್ತಿನಲ್ಲೂ ಊರಿನ ನೀರಿನ ಚಿಂತೆ ಮಾಡುವ ಮಗ! ವಿಜಯಕುಮಾರನಂತೂ ಅವನ ಬೆನ್ನು ತಟ್ಟಿದ. ಕಡೆಗೆ, ದಾರಕ್ಕೆ ಗಾಳ ಕಟ್ಟಿ ಜಾಲರಿಯ ಸಂದಿಯಿಂದ ಇಳಿಸಿ ಕರಡಿಗೆಯ ದಾರಕ್ಕೆ ಸಿಕ್ಕಿಸಿ ಎತ್ತುವುದು ಎಂದು ತೀರ್ಮಾನವಾಯಿತು. ಮೀನು ಹಿಡಿಯುವ ರೀಲು ಬೇಕು. ತನ್ನ ಹತ್ತಿರ ಜಪಾನಿನದೊಂದು ಇದೆ ಎಂದು ನರಸಿಂಹ ಹೇಳಿದ್ದೇ ತಡ, ಮೇಲಿನ ಕಿಟಕಿಯಿಂದ ಪಾರ್ವತೆಮ್ಮ ಕೂಗಿದಳು.

"ಮೀನಾ ಮುಟ್ಟಿದ್ದು ಲಿಂಗಕ್ಕ ಮುಟ್ಟಸ್ತೀರೇನ್ರಿ? ಹೊಸಾದು ತರ್ರಿ!"

ಹೀಗೆ, ಹುಟ್ಟಿದಾಗಿನಿಂದ ಮೀನಿನ ಅಂಗಡಿಯ ಕಡೆ ತಿರುಗಿಯೂ ನೋಡದ ಕಲ್ಲೇಶ ಬಸ್ಸು ಹತ್ತಿ ಕೋಠಿಯ ಪೇಟೆಗೆ ಹೋದ. ಬಿಸಿಲು ನೆತ್ತಿ ಸುಡುತ್ತಿತ್ತು. ಓಣಿಯೊಳಗೆ ಅಂಗಡಿ ಸಿಕ್ಕಿತು. ಗುರುತಿನವರು ಯಾರಾದರೂ ಇದ್ದಾರೇನೋ ಎಂದು ಆಚೆ ಈಚೆ ನೋಡಿ, ಕಳ್ಳನ ಹಾಗೆ ಒಳಗೆ ನುಗ್ಗಿದ.

"ಕೌನ್ಸೀ ಮಛ್ಲೀ ಪಕಡ್ನಾ ಹೈ, ಸಾಬ್?" ಯಾವ ಮೀನು ಹಿಡಿಯಬೇಕೆಂದು ಅಂಗಡಿಯವನು ಕೇಳಿದ.

"ಮಛ್ಲೀ ನಹೀಂ. ಛೋಟೀ ಚೀಜ್. ಪಾವ್ ಕಿಲೋ ಸೇ ಭೀ ಕಮ್."

ಮೀನಲ್ಲದ, ಪಾವು ಕಿಲೋಗೂ ಕಡಿಮೆ ತೂಕದ ಸಣ್ಣ ವಸ್ತುವನ್ನು ಹಿಡಿಯಲು ಕೋಠಿಯವರೆಗೆ ಬಂದ ಗಿರಾಕಿಯನ್ನು ಅಂಗಡಿಯವನು ಮರುಕದಿಂದ ನೋಡಿ, 'ಬಾದಷಾ' ಎಂಬ ರೀಲೊಂದನ್ನು ಕೊಟ್ಟ. ಬಂಗಾರದ ಬಣ್ಣ, ಮೇಲೆ ಕಿರೀಟದ ಚಿತ್ರ. ಗ್ಯಾರಂಟಿ ಎಷ್ಟು ದಿನ ಎಂದು ಕೇಳಿದ್ದಕ್ಕೆ, ಅಂಗಡಿಯ ಮೆಟ್ಟಿಲು ಇಳಿಯುವ ತನಕ ಎಂದ. ಕಲ್ಲೇಶ ಅದು ತಮಾಷೆ ಎಂದುಕೊಂಡ.

ಅವನು ಮರಳಿದಾಗ ಮಧ್ಯಾಹ್ನ ದಾಟಿತ್ತು. ಗುರುಬಾಯಿಯ ತುಟಿಗಳು ಒಣಗಿದ್ದವು, ಬೆರಳುಗಳು ನಡುಗುತ್ತಿದ್ದವು. "ನನ್ನ ಕೆಳಗ ಕರ್ಕೊಂಡು ನಡೀರಿ," ಎಂದಳು ಮುದುಕಿ. "ಅಂವಾ ಬರೂವಾಗ ನಾ ಎದುರಿಗೆ ಇರಬೇಕು." ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಳಿಸಿ, ಬಾವಿಯ ಪಕ್ಕದ ನೆರಳಿನಲ್ಲಿ ಇಟ್ಟರು.

ಶೀತಲ ಕನ್ನಡಿ ಹಿಡಿದು ಬಿಸಿಲನ್ನು ಬಾವಿಯೊಳಗೆ ಹಾಯಿಸಿದಳು. ತಳದಲ್ಲಿ ಬೆಳ್ಳಿ ಮಿನುಗಿತು. ಕಲ್ಲೇಶ ಗಾಳ ಇಳಿಸಿ, ಅಂದಾಜಿನ ಮೇಲೆ ನಿಲ್ಲಿಸಿ, ಬಾದಷಾನ ಹಿಡಿಕೆ ತಿರುಗಿಸಿದ. ಒಂದು ಸುತ್ತು ತಿರುಗಿತು. ಎರಡನೆಯ ಸುತ್ತಿಗೆ ಹಿಡಿಕೆ ಕಿತ್ತುಬಂದು ಅವನ ಕೈಯಲ್ಲಿ ಉಳಿಯಿತು. ಗಾಬರಿಯಲ್ಲಿ ಕೈ ಬಿಟ್ಟ. ಹಿಡಿಕೆಯೂ ಜಾಲರಿಯ ಸಂದಿಯಿಂದ ಬಾವಿಗೆ ಬಿತ್ತು.

"ಹಿಂಗಾದ್ರ ಭಾವಿ ತುಂಬತದ, ಲಿಂಗ ಬರೂದಿಲ್ಲ," ಎಂದಳು ಪಾರ್ವತೆಮ್ಮ.

ನರಸಿಂಹ ಮನೆಗೆ ಹೋಗಿ ತನ್ನ ಜಪಾನಿನ 'ಹಿರಾಟೊ' ತಂದ. ಬಣ್ಣ ಹೋಗಿ ಬೂದಿಯಾದ ರೀಲು. "ಎಷ್ಟು ಕೆರಿ ನೋಡ್ಯದ ಇದು! ಒಂದು ದಿನಾ ನನಗ ಮೋಸ ಮಾಡಿಲ್ಲ. ಹೆಂಡ್ತಿಗಿಂತ ನಂಬಿಕಿ ಅದ ನನಗ ಇದರ ಮ್ಯಾಲ."

ಇದನ್ನು ಕೇಳಿ ವಿಜಯಕುಮಾರನ ಮುಖದಲ್ಲಿ ಏನೋ ಹೊಯ್ದಾಡಿತು. ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ದಡದಡ ಮೇಲೆ ಹೋಗಿ ಯೋಗದ ಚಾಪೆ ಇಡುವ ಚೀಲದೊಂದಿಗೆ ಇಳಿದು ಬಂದ. ಚೀಲದಿಂದ ಚಾಪೆ ಬರಲಿಲ್ಲ, ಮಿರಮಿರ ಮಿಂಚುವ ಕರಿಯ ರೀಲು ಬಂತು.

"ಅಯ್ಯ ಶಿವನೇ!" ಎಂದಳು ಪಾರ್ವತೆಮ್ಮ. "ಲಿಂಗ ಕಟ್ಟಿದವ್ರ ಮನ್ಯಾಗ ಮೀನಿನ ಗಾಳ! ಅಣ್ಣಾರ, ದಿನಾ ಮುಂಜಾನೆ ಯೋಗಕ್ಕ ಅಂತ ಹೋಗ್ತಿದ್ದದ್ದು ಇದಕ್ಕೇನ್ರಿ?"

"ಹಿಡಿದು ಬಿಟ್ಟುಬಿಡ್ತೀನ್ರಿ ಅಕ್ಕಾರ. ತಿನ್ನೂದಿಲ್ಲ," ಎಂದ ವಿಜಯಕುಮಾರ, ನೆಲ ನೋಡುತ್ತ. ಮರುಕ್ಷಣ ತಲೆ ಎತ್ತಿದ. "ಆದ್ರ ಮಾಲು ನೋಡ್ರಿ! ಅಮೆರಿಕಾದ ಟಾರ್ಕಾನ್. ಹದಿಮೂರು ಬೇರಿಂಗು! ನರಸಿಂಹ ಅವ್ರ ಜಪಾನಿಗೆ ಎಷ್ಟವ?"

"ಐದು."

"ಬರೇ ಐದು!"

"ಬೇರಿಂಗ್ ಎಣಿಸಿ ರೀಲ್ ತಗೊಳ್ಳೂದು ಅಂದ್ರ ಹಲ್ಲು ಎಣಿಸಿ ಸೊಸಿ ತರೂದು," ಎಂದ ನರಸಿಂಹ. "ಹದಿಮೂರು ಇದ್ರ ಹದಿಮೂರು ಕೆಡ್ತಾವ. ನಿಮ್ಮದು ರಿಪೇರಿಗೆ ಎಷ್ಟು ಸಲ ಹೋಗ್ಯದ, ಖರೆ ಹೇಳ್ರಿ."

"ಒಂದಽ ಸಲ! ಅದೂ ಸರ್ವಿಸಿಂಗಿಗೆ!"

ವಾದ ಬೆಳೆಯಿತು. ಜಪಾನಿನದು ಗೇರು ಹಿತ್ತಾಳೆಯದೋ ಅಲ್ಲವೋ, ಅಮೆರಿಕದ್ದು ನಿಜವಾಗಿ ಅಮೆರಿಕದಲ್ಲೇ ತಯಾರಾದದ್ದೋ ಅಥವಾ ಬರೀ ಹೆಸರೋ, ಮರಳು ಹೊಕ್ಕರೆ ಯಾವುದು ಮೊದಲು ಸಾಯುತ್ತದೆ. ಪರೀಕ್ಷೆ ಮಾಡದ ಸಾಮಾನನ್ನು ಬಾವಿಗೆ ಇಳಿಸುವುದಿಲ್ಲವೆಂದು ವಿಜಯಕುಮಾರ ಹಟ ಹಿಡಿದು, ಮೊದಲ ಮಹಡಿಯ ಬಾಲ್ಕನಿಯಿಂದ ನೀರು ತುಂಬಿದ ಬಕೀಟನ್ನು ಎರಡೂ ರೀಲಿನಿಂದ ಎತ್ತಿಸಿ ತೋರಿಸಿದ. ಎರಡೂ ಎತ್ತಿದವು. ಯಾವುದು ಹಗುರಾಗಿ ಎತ್ತಿತು ಎನ್ನುವುದರ ಮೇಲೆ ಮತ್ತೆ ಜಗಳ.

"ನಮ್ಮವ್ವ ಸಾಯಾಕತ್ತಾಳ್ರೀ!" ಎಂದ ಕಲ್ಲೇಶ. "ಯಾವುದರ ಒಂದು ಇಳಸ್ರಿ!"

ಮೀನು ಮುಟ್ಟಿದ ರೀಲು ನಡೆಯುತ್ತದೆಯೋ ಇಲ್ಲವೋ ಎಂದು ಪಾರ್ವತೆಮ್ಮ ಮತ್ತೆ ತೆಗೆದಳು. ಗುರುಬಾಯಿ ಕಣ್ಣು ತೆರೆಯದೆ, "ನೀರಾಗ ಬಿದ್ದಾಂವಗ ಯಾರ ಕೈಯಾದ್ರೇನು, ಎತ್ತಿದ್ರ ಸಾಕು," ಎಂದಳು. ಆದರೂ ಪಾರ್ವತೆಮ್ಮ ಬಿಡಲಿಲ್ಲ, ಎರಡೂ ರೀಲಿಗೆ ಮೂರು ಬೆರಳಿನ ವಿಭೂತಿ ಎಳೆದೇ ಕೊಟ್ಟಳು.

ಮೊದಲು ಟಾರ್ಕಾನ್ ಇಳಿಯಿತು. ತಳದಲ್ಲಿದ್ದ ಹಳೆಯ ಮೋಟರಿನ ಹಗ್ಗಕ್ಕೆ ಗಾಳ ಸಿಕ್ಕಿ ನಿಂತಿತು. ವಿಜಯಕುಮಾರ ಬೆವರಿದ, ಹಲ್ಲು ಕಚ್ಚಿದ. ಹದಿಮೂರು ಬೇರಿಂಗುಗಳೂ ಕಿರುಗುಟ್ಟಿದವು. ಏನೂ ಅಲ್ಲಾಡಲಿಲ್ಲ. ರೀಲನ್ನು ಕಟ್ಟೆಯ ಕಂಬಿಗೆ ಸಿಕ್ಕಿಸಿ ಪಕ್ಕಕ್ಕೆ ಸರಿದ.

ನರಸಿಂಹ ಹಿರಾಟೊ ಹಿಡಿದ. ಕನ್ನಡಿಯ ಬೆಳಕಿನಲ್ಲಿ ಗಾಳವನ್ನು ಮೆಲ್ಲಗೆ ಆಡಿಸಿದ, ಉಸಿರು ಹಿಡಿದ, ಹಿಡಿಕೆ ತಿರುಗಿಸಿದ. ದಾರ ಸದ್ದಿಲ್ಲದೆ ಸುತ್ತಿಕೊಳ್ಳತೊಡಗಿತು. ನೀರು ತೊಟ್ಟಿಕ್ಕುತ್ತ ಬೆಳ್ಳಿಯ ಕರಡಿಗೆ ಸಂದಿಯಿಂದ ಹೊರಗೆ ಬಂತು. ಅದರ ಮೇಲೆ 'ಗುರುಬಾಯಿ' ಎಂಬ ಅಕ್ಷರಗಳು. ಆ ಮನೆಯಲ್ಲಿ ಲೋಟ, ತಂಬಿಗೆ, ಡಬ್ಬಿ ಎಲ್ಲದರ ಮೇಲೂ ಹೆಸರು ಕೊರೆಸುವ ರೂಢಿ.

ಮುದುಕಿ ಎರಡೂ ಕೈ ಚಾಚಿದಳು. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು, ತೊಳೆದು, ವಿಭೂತಿ ಹಚ್ಚಿ, ಕಣಗಿಲೆ ಏರಿಸಿ ಕಣ್ಣು ಮುಚ್ಚಿದಳು. ಕಲ್ಲೇಶ ನಿಂತಲ್ಲೇ ಅತ್ತುಬಿಟ್ಟ. ಶೀತಲ ಓಡಿಹೋಗಿ ಜೋಳದ ಅಂಬಲಿ ತಂದಳು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನರಸಿಂಹ ಸುಮ್ಮನಿರಲಾರದೆ, "ಐದಽ ಬೇರಿಂಗು!" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

ವಿಜಯಕುಮಾರ ಎದ್ದು ಕಂಬಿಯಿಂದ ತನ್ನ ರೀಲು ಬಿಡಿಸಿಕೊಂಡ. "ಒಂದು ಸಲ ಆತಂದ್ರ ಅದು ಕ್ವಾಲಿಟಿ ಅಲ್ರಿ, ಅದು ನಸೀಬು. ಈಗ ನೋಡ್ರಿ, ಆ ಹಗ್ಗಾ ಸಮೇತ ಎತ್ತತದ ನಂದು!"

ಕಲ್ಲೇಶ ಅವನ ಕೈ ಹಿಡಿದುಕೊಂಡ. "ಸಾಕ್ರಿ ಅಣ್ಣಾರ. ದಾರಾ ಕೊಯ್ದುಬಿಡ್ರಿ. ನಾ ಹೊಸಾ ದಾರಾ ಕೊಡಸ್ತೀನಿ. ರೀಲನ್ನೂ ಕೊಡಸ್ತೀನಿ! ಅವ್ವ ಎರಡು ಗುಟುಕು ಕುಡೀಲಿ."

"ಬಿಡೋ ತಮ್ಮಾ, ಇದು ನನ್ನ ಮಾನದ ಪ್ರಶ್ನಿ!"

ಈ ಸಲ ಏನಾಯಿತೋ, ಹಗ್ಗ ಕೆಸರಿನಿಂದ ಕಿತ್ತುಬಂತು. ಟಾರ್ಕಾನ್ ಗುರ್ರೆನ್ನುತ್ತ ಎಳೆಯಿತು. ಜಾಲರಿಯ ಸಂದಿಯಿಂದ ಮೊದಲು ಪಾಚಿ ಬಂತು, ಆಮೇಲೆ ಕೊಳೆತ ಹಗ್ಗದ ತುದಿ. ಆ ಹಗ್ಗದ ಸಿಕ್ಕಿನೊಳಗೆ, ಮಣ್ಣು ಮೆತ್ತಿಕೊಂಡು, ಇನ್ನೊಂದು ಕರಡಿಗೆ.

ಪಾರ್ವತೆಮ್ಮ ಸೆರಗಿನಿಂದ ಅದನ್ನು ಒರೆಸಿ, ಕಣ್ಣು ಕಿರಿದು ಮಾಡಿ ಓದಿದಳು. "ಕ... ಲ್ಲೇ... ಶ."

ಗುರುಬಾಯಿಯ ತುಟಿಯವರೆಗೆ ಬಂದಿದ್ದ ಬಟ್ಟಲು ನಿಂತಿತು. "ಹಂಗಾರ ನಿನ್ನ ಕೊರಳಾಗ ಇರೂದು ಏನು?"

ಕಲ್ಲೇಶ ಅಂಗಿಯ ಗುಂಡಿ ಬಿಚ್ಚಿ, ಬಿಳಿಯ ಅರಿವೆಯ ಗಂಟನ್ನು ಹೊರಗೆ ತೆಗೆದ. ಗಂಟು ಬಿಚ್ಚಿದ. ಒಳಗಿದ್ದದ್ದು ಒಂದು ಅಡಕೆ.

"ಅಡಕಿಗೆ ಪೂಜಾ!" ಎಂದಳು ಪಾರ್ವತೆಮ್ಮ. ಆಕೆಯ ದನಿಯಲ್ಲಿ ದುಃಖಕ್ಕಿಂತ ತೃಪ್ತಿಯೇ ಹೆಚ್ಚಿತ್ತು.

ಮೂರು ವರ್ಷದ ಹಿಂದೆ ಮೋಟರು ನೋಡಲು ಬಗ್ಗಿದಾಗ ಕಲ್ಲೇಶನ ಕರಡಿಗೆಯೂ ಹೀಗೆಯೇ ಬಿದ್ದಿತ್ತು. ಹೇಳಿದರೆ ಅವ್ವ ಅನ್ನ ಬಿಡುತ್ತಾಳೆಂದು ಹೆದರಿ ಹೇಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ಅಡಕೆ ಕಟ್ಟಿಕೊಂಡು ದಿನ ನೂಕಿದ್ದ. ಅದನ್ನೆಲ್ಲ ಈಗ ತಡವರಿಸುತ್ತ ಹೇಳಿದ. ಬದಿಯಲ್ಲಿ ಆಗಲೇ ವಿಜಯಕುಮಾರ, "ಮೂರು ವರ್ಷದ ಹಳೇ ಮಾಲು ಎತ್ತೂದು ಹೆಚ್ಚಿಂದ್ರಿ!" ಎನ್ನುತ್ತಿದ್ದ, ನರಸಿಂಹ ಅದನ್ನು ಒಪ್ಪುತ್ತಿರಲಿಲ್ಲ.

"ಈಗಂತೂ ಎರಡೂ ಸಿಕ್ಕವಲ್ಲ, ಅತ್ತಿ," ಎಂದಳು ಶೀತಲ. "ಕುಡೀರಿ."

"ಲಿಂಗಿಲ್ಲದ ಇಂವಾ ಉಂಡದ್ದು ನಾ ಬಡಿಸಿದ ಅನ್ನ," ಎಂದಳು ಗುರುಬಾಯಿ. ದನಿ ಸಣ್ಣದಾಗಿತ್ತು, ಗಟ್ಟಿಯಾಗಿತ್ತು. "ಆ ಪಾಪ ನಂದು. ಅದು ತೀರೂತನಕ ನನಗ ಅನ್ನಿಲ್ಲ, ನೀರಿಲ್ಲ."

ಕಲ್ಲೇಶ ಕುರ್ಚಿಯ ಮುಂದೆ ಕುಸಿದು ಅವಳ ಪಾದ ಹಿಡಿದ. "ಎಷ್ಟು ದಿನಾ ಅವ್ವಾ?"

"ಮೂರು ವರ್ಷ ನೀ ನನಗ ಹೇಳಲಿಲ್ಲ. ನಾನೂ ನಿನಗ ಹೇಳೂದಿಲ್ಲ," ಎಂದು ಮುದುಕಿ ಅಂಬಲಿಯ ಬಟ್ಟಲನ್ನು ಸೊಸೆಯ ಕೈಗೆ ತಿರುಗಿ ಕೊಟ್ಟಳು.